ಆರು ವರ್ಷ ನಗರಸಭೆಯಲ್ಲಿದ್ದೆ, ಮತ್ತೆ ಪ್ರಾಕ್ಟೀಸಿಗೆ ಬರಬಹುದಾ?

ಪ್ರಶ್ನೆ: ನಾನು 2011ರಲ್ಲಿ ಸಿಎ ಮುಗಿಸಿದೆ. ಜಯನಗರದಲ್ಲಿ ಗೆಳತಿಯೊಬ್ಬಳ ಜೊತೆ ಸೇರಿ 2019ರ ಕೊನೆಯವರೆಗೆ ಪ್ರಾಕ್ಟೀಸ್ ಮಾಡಿದೆ. ಟ್ಯಾಕ್ಸ್ ಆಡಿಟ್, ಜಿಎಸ್‌ಟಿ, ಒಂದೆರಡು ಪ್ರೈವೇಟ್ ಲಿಮಿಟೆಡ್ ಕಂಪನಿಗಳ ಆಡಿಟ್, ಇಷ್ಟೇ. ಮಗಳು ಆಗ ಚಿಕ್ಕವಳು. ಟ್ಯಾಕ್ಸ್ ಆಡಿಟ್ ಗಡುವಿನ ಸೆಪ್ಟೆಂಬರ್ ಬಂದರೆ ಮನೆ ಸೇರುವುದು ರಾತ್ರಿ ಹನ್ನೊಂದಕ್ಕೆ. ಸಾಕಾಗಿ 2020ರಲ್ಲಿ ಬೆಂಗಳೂರಿನ ಪಕ್ಕದ ಒಂದು ನಗರಸಭೆಯ ಲೆಕ್ಕ ಶಾಖೆಗೆ ಗುತ್ತಿಗೆ ಮೇಲೆ ಸೇರಿದೆ. ಈಗ ತಿಂಗಳಿಗೆ 95,000 ಬರುತ್ತದೆ. ಆದರೆ ಪ್ರತಿ ವರ್ಷ ನವೀಕರಣದ ಕಡತದ ಹಿಂದೆ ನಾನೇ ಓಡಬೇಕು. ನನಗೆ ಆರ್ಟಿಕಲ್‌ಶಿಪ್, ಅಂದರೆ ಸಿಎ ತರಬೇತಿ, ಕೊಟ್ಟ ಸರ್‌ಗೆ ಈಗ 68 ವರ್ಷ, ಮಲ್ಲೇಶ್ವರದಲ್ಲಿ ಆಫೀಸ್. "8 ಲಕ್ಷ ಬಂಡವಾಳ ಹಾಕಿ ಪಾರ್ಟ್ನರ್ ಆಗಮ್ಮ, ಇಲ್ಲವಾದರೆ ತಿಂಗಳಿಗೆ 80,000 ಸಂಬಳಕ್ಕೆ ಪೇಯ್ಡ್ ಸಿಎ ಆಗಿ ಬಾ" ಅಂದಿದ್ದಾರೆ. ಸ್ವಂತ ಆಫೀಸ್ ತೆರೆಯುವ ಆಸೆಯೂ ಇದೆ, ಕಂಟ್ರಾಕ್ಟರುಗಳ ಪರಿಚಯ ಚೆನ್ನಾಗಿದೆ. ಬೇರೆ ಎರಡು ಕಡೆ ಕೇಳಿದರೆ "ಆರು ವರ್ಷ ಗ್ಯಾಪ್ ಆಗಿದೆಯಲ್ಲ" ಎಂದರು. ನನ್ನ ಅನುಭವಕ್ಕೆ ಬೆಲೆಯೇ ಇಲ್ಲವಾ? ಏನು ಮಾಡಲಿ?
ಹೆಸರು ಬೇಡ, ರಾಜಾಜಿನಗರ

ಉತ್ತರ: ಬೆಲೆಯ ಮಾತು ಆಮೇಲೆ. ಮೊದಲು ಒಂದು ಕಾಗದ ಹುಡುಕಿ. ನಿಮಗೆ ವರ್ಷದ ಕೊನೆಗೆ ನಗರಸಭೆ ಕೊಡುತ್ತಿದ್ದದ್ದು ಸಂಬಳದವರ ಫಾರ್ಮ್ 16 ಆ, ಶುಲ್ಕದವರ 16ಎ ಆ?

ಸುಮ್ನೆ ಕೇಳುತ್ತಿಲ್ಲ. ಗುತ್ತಿಗೆ ಎನ್ನುವ ಒಂದೇ ಪದದ ಕೆಳಗೆ ನಮ್ಮ ಸ್ಥಳೀಯ ಸಂಸ್ಥೆಗಳಲ್ಲಿ ಎರಡು ಮೂರು ಬಗೆಯ ಕೆಲಸ ನಡೆಯುತ್ತದೆ. ಕೆಲವರಿಗೆ ಸಂಬಳ ಅಂತ ಬರುತ್ತದೆ. ಕೆಲವರಿಗೆ ಸಲಹೆಗಾರರ ಶುಲ್ಕ ಅಂತ ಶೇ. 10 ಹಿಡಿದು ಕೊಡುತ್ತಾರೆ. ಇನ್ನು ಕೆಲವರು ಕೂರುವುದು ನಗರಸಭೆಯಲ್ಲಿ, ಸಂಬಳ ಮಾತ್ರ ಹೊರಗುತ್ತಿಗೆ ಏಜೆನ್ಸಿಯಿಂದ. ನೀವು ಸಂಬಳದವರಾಗಿದ್ದರೆ 2020ರಲ್ಲೇ ಪೂರ್ಣಾವಧಿ ಸಿಒಪಿ, ಅಂದರೆ ಪ್ರಾಕ್ಟೀಸ್ ಪರವಾನಗಿ, ಬಿಟ್ಟುಕೊಟ್ಟಿರಬೇಕು. ಪಾರ್ಟ್ ಟೈಮ್ ಸಿಒಪಿ ಇಟ್ಟುಕೊಂಡಿದ್ದರೆ ಆ ಅವಧಿಯಲ್ಲಿ ಯಾವ ಆಡಿಟ್‌ಗೂ ಸರ್ಟಿಫಿಕೇಟಿಗೂ ಸಹಿ ಹಾಕಿರಬಾರದು. "ಅತ್ತಿಗೆಯ ನೆಟ್‌ವರ್ತ್ ಸರ್ಟಿಫಿಕೇಟ್ ಒಂದೇ ಒಂದು ಕೊಟ್ಟಿದ್ದೆ ಸಾರ್" ಅಂತ ಆಮೇಲೆ ನೆನಪಾಗುವುದುಂಟು. ಪ್ರತಿ ಸರ್ಟಿಫಿಕೇಟಿಗೂ ಬೀಳುವ ಯುಡಿಐಎನ್ ನಂಬರ್ ಬಂದ ಮೇಲೆ ಆ ಒಂದೇ ಒಂದೂ ಸಿಎಗಳ ಇನ್‌ಸ್ಟಿಟ್ಯೂಟಿನ ಲೆಕ್ಕದಲ್ಲಿ ಕೂತಿರುತ್ತದೆ. ಇದು ಶುದ್ಧವಾಗಿದ್ದರೆ ಮುಂದಿನದು ಸಲೀಸು. ಬಿಡುಗಡೆ ಪತ್ರ ಕೈಗೆ ಬಂದ ಮೇಲೆ ಇನ್‌ಸ್ಟಿಟ್ಯೂಟಿನ ಎಸ್ಎಸ್‌ಪಿ ಪೋರ್ಟಲಿನಲ್ಲಿ ಫಾರ್ಮ್ 6 ಹಾಕಿ ಸಿಒಪಿ ತೆಗೆದುಕೊಳ್ಳುವುದು. ಫರ್ಮಿಗೆ ಸೇರಿದರೆ ಅಥವಾ ಸ್ವಂತ ಫರ್ಮ್ ತೆರೆದರೆ ಫಾರ್ಮ್ 18. ಸಿಪಿಇ, ಅಂದರೆ ಮುಂದುವರಿದ ಓದಿನ, ಗಂಟೆ ಬಾಕಿ ಇದೆಯಾ ನೋಡಿಕೊಳ್ಳಿ. ಸಿಒಪಿ ಇರುವವರಿಗೆ ಮೂರು ವರ್ಷಕ್ಕೆ 120 ಗಂಟೆ ಬೇಕು. ಇದಕ್ಕೆಲ್ಲ ನಿದ್ದೆ ಕೆಡಿಸಿಕೊಳ್ಳಬೇಕಾಗಿಲ್ಲ.

ನಿದ್ದೆ ಕೆಡಿಸುವುದು ಬೇರೆ ಇದೆ. ಅದನ್ನು ನನ್ನ ಕಥೆಯಿಂದಲೇ ಹೇಳುತ್ತೇನೆ.

ನಾನೂ ನಿಮ್ಮ ದಾರಿಯಲ್ಲೇ ಹೋಗಿ ಬಂದವನು. ನಮ್ಮ ರಾಜ್ಯದ ಸ್ಥಳೀಯ ಸಂಸ್ಥೆಗಳು ನಗದು ಪುಸ್ತಕ ಬಿಟ್ಟು ಡಬಲ್ ಎಂಟ್ರಿಗೆ, ನಿಧಿ ಆಧಾರಿತ ಲೆಕ್ಕಕ್ಕೆ ಹೊರಳುತ್ತಿದ್ದ ಕಾಲ. 2003ರಲ್ಲಿ ಒಂದು ಪಾಲಿಕೆಗೆ ಹೋದೆ, 2009ರಲ್ಲಿ ವಾಪಸ್ ಬಂದೆ. ನಡುವೆ 2006ರ ಲೆಕ್ಕಪತ್ರ ಮತ್ತು ಬಜೆಟ್ ನಿಯಮಗಳು, ನಾವೆಲ್ಲ ಕೆಎಂಎಬಿಆರ್ ಅನ್ನುವುದು, ಜಾರಿಗೆ ಬಂದವು. ಮೊದಲ ಬಾರಿ ಆರಂಭಿಕ ಬ್ಯಾಲೆನ್ಸ್ ಶೀಟ್ ಮಾಡಲು ಕೂತಾಗ ಪಾಲಿಕೆಗೆ ಎಷ್ಟು ಬ್ಯಾಂಕ್ ಖಾತೆಗಳಿವೆ ಅಂತಲೇ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಬೀರುವಿನಲ್ಲಿದ್ದ ಪಾಸ್‌ಬುಕ್ಕುಗಳನ್ನು ನೆಲದ ಮೇಲೆ ಹರಡಿ ಎಣಿಸಿದೆವು. ಅಂಥ ಕೆಲಸ ಮಾಡಿ ಬಂದವನಿಗೆ ಒಂದು ಚಿಕ್ಕ ಟ್ಯಾಕ್ಸ್ ಆಡಿಟ್ ಯಾವ ಲೆಕ್ಕ ಅಂದುಕೊಂಡಿದ್ದೆ.

ವಾಪಸ್ ಬಂದ ಮೊದಲ ವರ್ಷ, ಸೆಪ್ಟೆಂಬರ್ 30ರ ರಾತ್ರಿ. ಪೀಣ್ಯದ ಒಂದು ಚಿಕ್ಕ ಕಾರ್ಖಾನೆಯ ಫೈಲು. ಲೆಕ್ಕವೆಲ್ಲ ಆಗಿದೆ, ಪ್ರಿಂಟ್ ಆಗಿದೆ. ಮಾಲೀಕರು ಎದುರು ಕೂತು ಕಾಫಿ ಕುಡಿಯುತ್ತಿದ್ದಾರೆ. ಪೆನ್ನು ಹಿಡಿದೆ, ಕೈ ಮುಂದಕ್ಕೆ ಹೋಗಲಿಲ್ಲ. ಸ್ಟಾಕ್ ಪಟ್ಟಿ ಮತ್ತೊಮ್ಮೆ ನೋಡಿದೆ. ಸಾಲದ ಪಟ್ಟಿ ನೋಡಿದೆ. ಹತ್ತು ನಿಮಿಷ ಕಳೆಯಿತು. ಕೊನೆಗೆ ಅವರೇ "ಏನಾದ್ರೂ ತಪ್ಪಿದೆಯಾ ಸಾರ್?" ಅಂದರು. ತಪ್ಪು ಏನೂ ಇರಲಿಲ್ಲ. ಆರು ವರ್ಷದಲ್ಲಿ ನಾನು ಒಬ್ಬನೇ ಸಹಿ ಹಾಕಿದ್ದು ಒಂದೂ ಇರಲಿಲ್ಲ, ಅಷ್ಟೇ.

ನಿಮಗೆ ಇದು ಅರ್ಥವಾಗುತ್ತದೆ. ನಗರಸಭೆಯ ಕಡತಕ್ಕೆ ಎಷ್ಟು ಸಹಿ? ವಿಷಯ ನಿರ್ವಾಹಕರು ಟಿಪ್ಪಣಿ ಬರೆದು ಮಂಡಿಸುತ್ತಾರೆ. ಅಧೀಕ್ಷಕರು "ಪರಿಶೀಲಿಸಿದೆ" ಅಂತ ಹಾಕುತ್ತಾರೆ. ಲೆಕ್ಕಾಧಿಕಾರಿ, ಎಂಜಿನಿಯರ್, ಆಮೇಲೆ ಪೌರಾಯುಕ್ತರು. ಯಾರಿಗಾದರೂ ಅನುಮಾನ ಬಂದರೆ "ಚರ್ಚಿಸಿ" ಅಂತ ಷರಾ ಬರೆದು ಕೆಳಗೆ ಕಳಿಸಿದರಾಯಿತು. ಕಡತ ಹೋಗುತ್ತದೆ, ಬರುತ್ತದೆ. ಆಡಿಟ್ ಪ್ಯಾರಾ ಬಂದರೂ ಅನುಪಾಲನಾ ವರದಿ ಕಳಿಸಬಹುದು. ಪ್ರಾಕ್ಟೀಸಿನಲ್ಲಿ ಷರಾ ಬರೆದು ಕೆಳಗೆ ಕಳಿಸಲು ಕೆಳಗೆ ಯಾರಿದ್ದಾರೆ? ಆರ್ಟಿಕಲ್ ಹುಡುಗ ಇದ್ದಾನೆ, ಅವನಿಗೂ ಏಳಕ್ಕೆ ಕ್ಲಾಸ್ ಇರುತ್ತದೆ. ಸಹಿ, ಮೆಂಬರ್‌ಶಿಪ್ ನಂಬರ್, ಯುಡಿಐಎನ್ ಮೂರೂ ನಿಮ್ಮವೇ. ಆರು ವರ್ಷದಲ್ಲಿ ನಿಮಗೆ ಮರೆತಿರುವುದು ಸೆಕ್ಷನ್ನುಗಳು ಅಂತ ನನಗೆ ಅನಿಸುವುದಿಲ್ಲ. ಒಂಟಿಯಾಗಿ ಒಪ್ಪಿಕೊಳ್ಳುವ ಅಭ್ಯಾಸ ತಪ್ಪಿದೆ. "ಗ್ಯಾಪ್" ಅನ್ನುವವರಿಗೂ ಅದನ್ನು ಹೀಗೆ ಬಿಡಿಸಿ ಹೇಳಲು ಗೊತ್ತಿಲ್ಲ.

ಬರವಣಿಗೆಗೂ ಇದೇ ರೋಗ ತಗುಲಿರುತ್ತದೆ. ಅದೇ ಪೀಣ್ಯದವರಿಗೆ ಅಡ್ವಾನ್ಸ್ ಟ್ಯಾಕ್ಸ್ ಬಗ್ಗೆ ನಾನು ಎರಡು ಪುಟದ ಕಾಗದ ಬರೆದಿದ್ದೆ. "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಅಂತಲೇ ಶುರು. ಅವರು ಫೋನ್ ಮಾಡಿ, "ಸಾರ್, ಓದಿದೆ. ದುಡ್ಡು ಕಟ್ಟಬೇಕೋ ಬೇಡವೋ? ಕಟ್ಟೋದಾದ್ರೆ ಎಷ್ಟು?" ಎಂದು ಕೇಳಿದರು.

ಈಗ ಬೆಲೆಯ ಮಾತು. ನಿಮ್ಮ ಹತ್ತಿರ ಇರುವ ಒಂದು ವಿದ್ಯೆ ಮಲ್ಲೇಶ್ವರದಲ್ಲೂ ಜಯನಗರದಲ್ಲೂ ಹೆಚ್ಚು ಜನರ ಹತ್ತಿರ ಇಲ್ಲ. ಕಂಟ್ರಾಕ್ಟರ್ ಬಿಲ್ಲನ್ನು ನೀವು ಕೊಡುವವರ ಕಡೆಯಿಂದ ನೋಡಿದ್ದೀರಿ. ನಾವೆಲ್ಲ ಪಡೆಯುವವನ ಬ್ಯಾಂಕ್ ಸ್ಟೇಟ್‌ಮೆಂಟಿನಿಂದ ನೋಡಿದವರು.

ಒಂದು ಲೆಕ್ಕ ಹಾಕೋಣ. ವಾರ್ಡಿನ ಚರಂಡಿ ಕೆಲಸ, ಬಿಲ್ 10,00,000. ಶೇ. 18 ಜಿಎಸ್‌ಟಿ 1,80,000. ಒಟ್ಟು 11,80,000. ಕಂಟ್ರಾಕ್ಟರ್ ಸ್ವಂತ ಹೆಸರಿನಲ್ಲಿ ಕೆಲಸ ಮಾಡುವ ವ್ಯಕ್ತಿ, ಹಾಗಾಗಿ ಆದಾಯ ತೆರಿಗೆ ಟಿಡಿಎಸ್ ಶೇ. 1, ಅಂದರೆ 10,000. ಜಿಎಸ್‌ಟಿ ಟಿಡಿಎಸ್ ಶೇ. 2, ಅಂದರೆ 20,000. ಕಾರ್ಮಿಕ ಸೆಸ್ ಶೇ. 1, ಇನ್ನೊಂದು 10,000. ಭದ್ರತಾ ಠೇವಣಿ ಶೇ. 5 ಅಂತ ಇಟ್ಟುಕೊಂಡರೆ 50,000. ಜಲ್ಲಿ, ಎಂ-ಸ್ಯಾಂಡಿನ ರಾಯಲ್ಟಿ ಸದ್ಯಕ್ಕೆ ಬಿಡೋಣ. ಬ್ಯಾಂಕಿಗೆ ಬೀಳುವುದು 10,90,000.

ಈಗ ಕಂಟ್ರಾಕ್ಟರನ ಮನೆಗೆ ಹೋಗಿ. ಅಲ್ಲಿ ಟ್ಯಾಲಿ ಹಾಕುವ ಹುಡುಗನಿಗೆ ಕಾಣುವುದು ಬ್ಯಾಂಕಿನ 10,90,000 ಮಾತ್ರ. ಅವನು ಅದನ್ನೇ ಜಿಎಸ್‌ಟಿ ಸೇರಿದ ಮೊತ್ತ ಅಂತ ಹಿಡಿದು ಹಿಂದಕ್ಕೆ ಭಾಗಿಸುತ್ತಾನೆ. ವಹಿವಾಟು 9,23,729 ಅಂತ ಬರುತ್ತದೆ. ಇಲಾಖೆಯ ತೆರಿಗೆ ಕಡಿತದ ಪಟ್ಟಿ, 26ಎಎಸ್, ನೋಡಿದರೆ 10,00,000 ಇದೆ. 76 ಸಾವಿರ ಎಲ್ಲಿ ಹೋಯಿತು? ಇಂಥ ಇಪ್ಪತ್ತು ಬಿಲ್ಲು ಸೇರಿದರೆ ನೋಟಿಸ್ ಬರದೆ ಇರುತ್ತದಾ? ಜಿಎಸ್‌ಟಿ ಟಿಡಿಎಸ್‌ನ 20,000 ಕ್ಯಾಶ್ ಲೆಡ್ಜರಿಗೆ ಬರಬೇಕಾದರೆ ಪೋರ್ಟಲಿನಲ್ಲಿ ಅದನ್ನು ಒಪ್ಪಿಕೊಳ್ಳಬೇಕು. ಆ ಬಟನ್ ಒತ್ತದೆ ವರ್ಷಗಟ್ಟಲೆ ದುಡ್ಡು ಅಲ್ಲೇ ಬಿಟ್ಟವರನ್ನು ನೋಡಿದ್ದೇನೆ. ಠೇವಣಿಯ 50,000 ಪುಸ್ತಕದಲ್ಲೇ ಇಲ್ಲದ ಕಾರಣ, ನಿರ್ವಹಣೆ ಅವಧಿ ಮುಗಿದ ಮೇಲೆ ವಾಪಸ್ ಕೇಳುವುದೂ ಮರೆಯುತ್ತದೆ. ಇದೇ ದುಡ್ಡನ್ನು, ರಿಟೆನ್ಷನ್ ಅಂತ, ಆದಾಯದಲ್ಲಿ ಸೇರಿಸಬೇಕು ಎನ್ನುತ್ತದೆ ಆದಾಯ ತೆರಿಗೆಯ ಲೆಕ್ಕ ಮಾನದಂಡ ಐಸಿಡಿಎಸ್ 3. ಅದೂ ಆಗಿರುವುದಿಲ್ಲ.

ಇನ್ನು ಕಾಲದ ಗೋಜಲು. ಎಂ.ಬಿ., ಅಂದರೆ ಕೆಲಸದ ಅಳತೆ ಪುಸ್ತಕ, ಬರೆದದ್ದು ಮಾರ್ಚ್‌ನಲ್ಲಿ. ಹಣ ಬಿಡುಗಡೆ ಆಗಿದ್ದು ಮುಂದಿನ ವರ್ಷದ ನವೆಂಬರ್‌ನಲ್ಲಿ. ಅವನು ಜಿಎಸ್‌ಟಿ ಕಟ್ಟುವುದು ದುಡ್ಡು ಬಂದಾಗ. ಕಾನೂನು ನೋಡುವುದು ಬೇರೆ ದಿನಾಂಕವನ್ನು, ಆ ಗ್ಯಾಪಿಗೆ ಬಡ್ಡಿ. ಸರ್ಕಾರಿ ಕಾಮಗಾರಿಯ ಜಿಎಸ್‌ಟಿ 2022ರ ಜುಲೈ 18ರಿಂದ ಶೇ. 12ರಿಂದ 18ಕ್ಕೆ ಏರಿತಲ್ಲ, ಟೆಂಡರ್ ಹಾಕುವಾಗ 12, ಬಿಲ್ ಆಗುವಾಗ 18. ಮೇಲಿನ ಆರು ಯಾರ ತಲೆಗೆ ಅನ್ನುವ ಪತ್ರವ್ಯವಹಾರ ನಿಮ್ಮ ಮೇಜಿನ ಮೇಲೂ ಓಡಾಡಿರಬೇಕು. ಇದಕ್ಕೆಲ್ಲ ಮುಕುಟವಿಟ್ಟ ಹಾಗೆ ಆದಾಯ ತೆರಿಗೆಯ 43ಬಿ(ಎಚ್) ಸೆಕ್ಷನ್ ಬಂತು. ನೀವು ಪ್ರಾಕ್ಟೀಸ್ ಬಿಟ್ಟಾಗ ಅದು ಇರಲಿಲ್ಲ. ಸಣ್ಣ ಉದ್ಯಮಕ್ಕೆ ಕೊಡಬೇಕಾದ ದುಡ್ಡನ್ನು ಕರಾರು ಇದ್ದರೆ ಹೆಚ್ಚೆಂದರೆ 45 ದಿನದಲ್ಲಿ, ಇಲ್ಲದಿದ್ದರೆ 15 ದಿನದಲ್ಲಿ ಕೊಡಬೇಕು. ಹಾಗೆ ಕೊಡದೆ ಮಾರ್ಚ್ 31ಕ್ಕೆ ಬಾಕಿ ಉಳಿದರೆ ಆ ವರ್ಷ ಖರ್ಚು ಅಂತ ಸಿಗುವುದಿಲ್ಲ. ಸ್ಥಳೀಯ ಸಂಸ್ಥೆ ಇವನಿಗೆ ದುಡ್ಡು ಕೊಡುವುದು ಒಂದೂವರೆ ವರ್ಷಕ್ಕೆ. ಇವನು ಜಲ್ಲಿ ಕ್ರಷರಿನವನಿಗೆ 45 ದಿನಕ್ಕೆ ಕೊಡಬೇಕು. ಪಾಪ ಅನಿಸುತ್ತದೆ, ಆದರೆ ಟ್ಯಾಕ್ಸ್ ಆಡಿಟ್ ವರದಿಯಲ್ಲಿ ಬರೆಯಲೇಬೇಕು.

ಬಿಲ್ಲಿನ ಪ್ರತಿ ಕಡಿತ ಯಾಕೆ ಆಯಿತು, ಯಾವ ಚಲನ್‌ನಲ್ಲಿ ಹೋಯಿತು, ಯಾವ ತಿಂಗಳ ಜಿಎಸ್‌ಟಿ ಟಿಡಿಎಸ್ ರಿಟರ್ನಿನಲ್ಲಿ (ಜಿಎಸ್‌ಟಿಆರ್-7) ಕೂತಿದೆ ಅಂತ ನಿಮಗೆ ಕಣ್ಣು ಮುಚ್ಚಿದರೂ ಗೊತ್ತು. ಈ ಗೋಜಲು ಬಿಡಿಸಲು ನಿಮ್ಮಷ್ಟು ಸಮರ್ಥರು ಕಮ್ಮಿ. ಸಂದರ್ಶನಕ್ಕೆ ಹೋದಾಗ "ಸ್ಥಳೀಯ ಸಂಸ್ಥೆಯಲ್ಲಿ ಆರು ವರ್ಷ ಅನುಭವ" ಅನ್ನಬೇಡಿ, ಯಾರಿಗೂ ಏನೂ ತೋಚುವುದಿಲ್ಲ. ಹೆಸರು ಅಳಿಸಿದ ಒಂದು ಬಿಲ್ಲಿನ ಮಾದರಿ ಬರೆದು, ಅದೇ ಬಿಲ್ಲು ಕಂಟ್ರಾಕ್ಟರನ ಪುಸ್ತಕದಲ್ಲಿ ಹೇಗೆ ಕೂರಬೇಕು ಅಂತ ಪಕ್ಕದಲ್ಲಿ ಬರೆದು ತೋರಿಸಿ. ಒಂದು ಪುಟ ಸಾಕು.

ಆದರೆ ನಿಮ್ಮ ಪತ್ರದಲ್ಲಿ "ಕಂಟ್ರಾಕ್ಟರುಗಳ ಪರಿಚಯ ಚೆನ್ನಾಗಿದೆ" ಅನ್ನುವ ಸಾಲು ಓದಿ ನನಗೆ ಸ್ವಲ್ಪ ಭಯವಾಯಿತು. ಅವರು ನಿಮ್ಮ ಹತ್ತಿರ ಏನು ಕೇಳಿಕೊಂಡು ಬರುತ್ತಾರೆ ಗೊತ್ತಾ? ನನ್ನ ಹತ್ತಿರ ಬಂದವರು ಲೆಕ್ಕ ಬರೆಸಲು ಬರಲಿಲ್ಲ. ಮೊದಲನೆಯವರು ಒಂದು ಸ್ವೀಟ್ ಬಾಕ್ಸ್ ತಂದು, "ಸಾರ್, ನನ್ನ ಬಿಲ್ ಯಾವ ಟೇಬಲ್ ಮೇಲಿದೆ ಒಂಚೂರು ಕೇಳಿ ಹೇಳ್ತೀರಾ" ಅಂದರು. ಇಷ್ಟೇ ತಾನೇ ಅಂತ ನಾನು ಹಳೆಯ ಸಹೋದ್ಯೋಗಿಗೆ ಫೋನ್ ಮಾಡಿದೆ. ಅದು ನನ್ನ ತಪ್ಪು, ಈಗಲೂ ಒಪ್ಪಿಕೊಳ್ಳುತ್ತೇನೆ. ಮುಂದಿನ ವಾರ ಮೂರು ಜನ ಬಂದರು. ತಿಂಗಳಲ್ಲಿ ನನ್ನ ಆಫೀಸು ವಿಚಾರಣೆ ಕೌಂಟರ್ ಆಯಿತು. ಒಬ್ಬರೂ ಪುಸ್ತಕ ತರಲಿಲ್ಲ. ಒಬ್ಬರು ನೇರವಾಗಿ, "ಬಿಲ್ ಪಾಸಾದ ದಿನ ನಿಮಗೆ ಶೇ. 2" ಅಂದರು. ಆ ದಿನ ಎಚ್ಚರವಾಯಿತು. ಫಲಿತಾಂಶದ ಮೇಲೆ ಶೇಕಡಾವಾರು ಫೀಸು ನಮಗೆ ನಿಷೇಧ. ನಮ್ಮ ಸಿಎ ಕಾಯ್ದೆಯ ಮೊದಲ ಪರಿಚ್ಛೇದ, ಮೊದಲ ಭಾಗ, 10ನೇ ಕಲಂ. ಕೆಲಸ ತಂದುಕೊಟ್ಟ ಮಧ್ಯವರ್ತಿಗೆ ಫೀಸಿನಲ್ಲಿ ಪಾಲು ಕೊಡುವುದೂ ಅಲ್ಲೇ, 2ನೇ ಕಲಂನಲ್ಲಿ ನಿಷೇಧ. ಉದ್ಯೋಗದಲ್ಲಿದ್ದಾಗ ತಿಳಿದ ಗೌಪ್ಯ ವಿಷಯ ಹೊರಗೆ ಹೇಳಿದರೆ ಅದು ಎರಡನೇ ಪರಿಚ್ಛೇದ, ಇನ್ನೂ ಗಂಭೀರ. ಹಳೆಯ ಆಫೀಸಿನಲ್ಲಿ ಯಾರ ಬಿಲ್ಲು ಎಷ್ಟರದ್ದು, ಯಾರ ಕೆಲಸಕ್ಕೆ ಆಕ್ಷೇಪಣೆ ಇದೆ, ಇವೆಲ್ಲ ನಿಮ್ಮ ತಲೆಯಲ್ಲೇ ಇರಲಿ.

ಹಾಗಾಗಿ ನಾನು ಆಗ ನನಗೇ ಹಾಕಿಕೊಂಡ ನಿಯಮ ನಿಮಗೂ ಹೇಳುತ್ತೇನೆ. ಎರಡು ವರ್ಷ ಹಳೆಯ ಆಫೀಸಿನ ಮೆಟ್ಟಿಲು ಹತ್ತಬೇಡಿ. ಅದರ ಯಾವ ಕೆಲಸವನ್ನೂ ತೆಗೆದುಕೊಳ್ಳಬೇಡಿ. ನೀವೇ ಬರೆದ ಲೆಕ್ಕವನ್ನು ನೀವೇ ಆಡಿಟ್ ಮಾಡುವಂತಾಗುತ್ತದೆ, ಅದು ಸರಿಯಲ್ಲ ಅಂತ ಯಾರಾದರೂ ಹೇಳಬೇಕಾ? ಕಂಟ್ರಾಕ್ಟರ್ ಬಂದರೆ ಮೊದಲ ಮಾತೇ "ಕಳೆದ ವರ್ಷದ 26ಎಎಸ್, ಬ್ಯಾಂಕ್ ಸ್ಟೇಟ್‌ಮೆಂಟ್ ತನ್ನಿ" ಅಂತಿರಲಿ. ಬಿಲ್ ವಿಚಾರಿಸಲು ಬಂದವರು ಮತ್ತೆ ಬರುವುದಿಲ್ಲ. ಪುಸ್ತಕ ತಂದವರು ಉಳಿಯುತ್ತಾರೆ. ಒಂದು ಸಲ ಉಳಿದರೆ ಅವರು ಬಿಡುವವರಲ್ಲ, ಮಗನ ಮದುವೆಗೂ ಕರೆಯುತ್ತಾರೆ.

ಬೇರೆ ಸ್ಥಳೀಯ ಸಂಸ್ಥೆಗಳ ಲೆಕ್ಕ ತಯಾರಿಸುವ ಕೆಲಸ ಮಾಡಬಹುದಾ ಅಂತ ಕೇಳಬಹುದು. ಮಾಡಬಹುದು. ಕೆಲಸ ಇದೆ. 15ನೇ ಹಣಕಾಸು ಆಯೋಗ ತನ್ನ ಅನುದಾನಕ್ಕೆ ಲೆಕ್ಕಪತ್ರ ಆನ್‌ಲೈನ್‌ನಲ್ಲಿ ಹಾಕಬೇಕೆಂಬ ಷರತ್ತು ಇಟ್ಟ ಮೇಲೆ ಎಲ್ಲೆಡೆ ತುರ್ತು ಶುರುವಾಯಿತು. ಬೆಂಗಳೂರನ್ನೇ ನೋಡಿ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿಸಿ ಬಿಬಿಎಂಪಿ ಮಾಡಿದರು. 2025ರ ಸೆಪ್ಟೆಂಬರ್‌ನಲ್ಲಿ ಅದು ಐದು ಪಾಲಿಕೆಗಳಾಯಿತು. ಒಂದು ಮನೆ ಭಾಗ ಆದಾಗಲೇ ಪಾತ್ರೆ ಎಣಿಸಲು ವಾರ ಬೇಕು. ಆಸ್ತಿ, ಸಾಲ, ಕಂಟ್ರಾಕ್ಟರುಗಳಿಗೆ ಕೊಡಬೇಕಾದ ಬಾಕಿ, ಠೇವಣಿ ಎಲ್ಲ ಐದು ಪುಸ್ತಕಕ್ಕೆ ಹಂಚಿ ಬರೆಯುವುದು ಸಣ್ಣ ಕೆಲಸ ಅಲ್ಲ. ಆದರೆ ಫೀಸು ಮಾತ್ರ ಎಲ್-1. ಅತಿ ಕಮ್ಮಿ ಕೋಟ್ ಮಾಡಿ ಬಂದ ಫರ್ಮಿನವರು ಎಷ್ಟು ಹುಡುಗರನ್ನು ಕಳಿಸಿದರು, ಅವರು ಎಷ್ಟು ದಿನ ಬಂದರು ಅಂತ ನೀವೇ ನೋಡಿದ್ದೀರಿ. ಆಡಿಟ್‌ನಂಥ ನಮಗೇ ಮೀಸಲಾದ ಕೆಲಸಕ್ಕೆ ಕನಿಷ್ಠ ಫೀಸು ನಮೂದಿಸದ ಟೆಂಡರಿಗೆ ಅರ್ಜಿ ಹಾಕಬಾರದು ಎನ್ನುವ ಇನ್‌ಸ್ಟಿಟ್ಯೂಟಿನ ನಿಯಮವೂ ಇದೆ. ಇದನ್ನು ಊಟದ ಜೊತೆಯ ಉಪ್ಪಿನಕಾಯಿಯಂತೆ ಇಟ್ಟುಕೊಳ್ಳಿ. ಇದನ್ನೇ ನಂಬಿ ಬಾಡಿಗೆ ಕರಾರು ಮಾಡಬೇಡಿ.

ನೀವಿಲ್ಲದಾಗ ಏನೇನು ಬದಲಾಯಿತು ಅನ್ನುವುದನ್ನು ಬೇಗ ಹೇಳಿಬಿಡುತ್ತೇನೆ. ನೀವು ಬಿಟ್ಟಾಗ ಜಿಎಸ್‌ಟಿ ಆಡಿಟ್ ನಮ್ಮ ದೊಡ್ಡ ಕೆಲಸ ಆಗಿತ್ತು. ಈಗ ಅದರ ಫಾರ್ಮ್ 9ಸಿಗೆ ಸಿಎ ಸಹಿ ಬೇಡ, ವ್ಯಾಪಾರಿಯೇ ದೃಢೀಕರಿಸುತ್ತಾನೆ. ಇ-ಇನ್‌ವಾಯ್ಸ್ ಕಡ್ಡಾಯದ ಮಿತಿ 5 ಕೋಟಿ ವಹಿವಾಟಿಗೆ ಇಳಿದಿದೆ. ಕಂಪನಿಗಳ ಸಾಫ್ಟ್‌ವೇರಿನಲ್ಲಿ 2023ರ ಏಪ್ರಿಲ್‌ನಿಂದ ಎಡಿಟ್ ಲಾಗ್ ಕಡ್ಡಾಯ. ಟ್ಯಾಲಿಯಲ್ಲಿ ಹಿಂದಿನ ದಿನಾಂಕಕ್ಕೆ ಸದ್ದಿಲ್ಲದೆ ಎಂಟ್ರಿ ಹಾಕುವ ಕಾಲ ಮುಗಿಯಿತು, ಆಡಿಟರ್ ಅದರ ಬಗ್ಗೆ ವರದಿಯಲ್ಲಿ ಹೇಳಬೇಕು. ಕಂಪನಿ ಆಡಿಟ್ ವರದಿಯ ಹೊಸ ಆದೇಶ ಕ್ಯಾರೊ 2020 ಬಂದಿದೆ, ಉದ್ದ ಜಾಸ್ತಿ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳನ್ನು ಮರುಜೋಡಿಸಿದರು. ಆರ್ಟಿಕಲ್‌ಶಿಪ್ ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ. ಇದು ನಿಮಗೆ ನೇರ ತಟ್ಟುತ್ತದೆ. ಹುಡುಗ ಕೆಲಸ ಕಲಿತ ಅನ್ನುವಾಗಲೇ ಹೊರಡುತ್ತಾನೆ.

ಎಲ್ಲಕ್ಕಿಂತ ದೊಡ್ಡದು ಹೊಸ ಆದಾಯ ತೆರಿಗೆ ಕಾಯ್ದೆ 2025. 2026ರ ಏಪ್ರಿಲ್ 1ರಿಂದ ಜಾರಿ. ಇದನ್ನು ನಾನು ನಿಮ್ಮ ಅದೃಷ್ಟ ಅನ್ನುತ್ತೇನೆ. ನಾವು ಮದುವೆ ಊಟದ ಪಂಕ್ತಿಯಲ್ಲೂ ಹಳೆಯ ಕಾಯ್ದೆಯ 44ಎಬಿ, 194ಸಿ ಅಂತ ಮಾತಾಡಿದವರು. ಈಗ ಸಂಬಳ ಬಿಟ್ಟು ಮಿಕ್ಕ ಟಿಡಿಎಸ್ ಎಲ್ಲ 393ನೇ ಸೆಕ್ಷನ್ನಿನ ಕೋಷ್ಟಕದೊಳಗೆ ಹೋಗಿದೆ. ಅಸೆಸ್‌ಮೆಂಟ್ ಇಯರ್ ಅನ್ನುವ ಮಾತೂ ಹೋಗಿ ಟ್ಯಾಕ್ಸ್ ಇಯರ್ ಬಂದಿದೆ. ನಲವತ್ತು ವರ್ಷ ಪ್ರಾಕ್ಟೀಸ್ ಮಾಡಿದವರೂ ಎಬಿಸಿಡಿಯಿಂದ ಓದುತ್ತಿದ್ದಾರೆ. ಜೊತೆಗೆ 2025-26ರ ಆಡಿಟ್ ಇನ್ನೂ 1961ರ ಕಾಯ್ದೆಯ ಕೆಳಗೇ ಆಗಬೇಕು. ಎರಡು ದೋಣಿಯಲ್ಲೂ ಕಾಲು. ಎಲ್ಲರೂ ಒಂದೇ ಗೆರೆಯ ಮೇಲೆ ನಿಂತಿರುವ ವರ್ಷ ಇದು. ವಸಂತನಗರದ ಇನ್‌ಸ್ಟಿಟ್ಯೂಟ್ ಕಟ್ಟಡದಲ್ಲಿ ಸಂಜೆ ನಡೆಯುವ ಕಾರ್ಯಕ್ರಮಗಳಿಗೆ ಹೋಗಿ ಕೂರಿ. ಸಿಪಿಇ ಗಂಟೆಯೂ ಸಿಗುತ್ತದೆ, ಹಳೆಯ ಬ್ಯಾಚಿನವರೂ ಸಿಗುತ್ತಾರೆ. ಎರಡನೆಯದೇ ಹೆಚ್ಚು ಉಪಯೋಗ.

ಇನ್ನು ನಿಮ್ಮ ಸರ್ ಮಾತಿಗೆ ಬರೋಣ. 8 ಲಕ್ಷ ಹಾಕಿ ಪಾರ್ಟ್ನರ್ ಆಗು ಅಂದಿದ್ದಾರೆ. ಕಲಿಸಿದ ಗುರುಗಳು, ಪ್ರೀತಿಯಿಂದಲೇ ಕರೆದಿರುತ್ತಾರೆ. ಆದರೂ ಯಾಕೆ ಕರೆದರು ಅಂತ ಕೇಳಬೇಕು. 68ರಲ್ಲಿ ಮುಂದಿನವರು ಬೇಕು ಅನ್ನುವುದು ಒಂದು ಕಾರಣ. ಇನ್ನೊಂದು ಇರಬಹುದು. ಒಬ್ಬ ಪಾರ್ಟ್ನರಿಗೆ ವರ್ಷಕ್ಕೆ 60 ಟ್ಯಾಕ್ಸ್ ಆಡಿಟ್ ಮಿತಿ. ಅವರ 60 ತುಂಬಿ, ನಿಮ್ಮ 60 ಬೇಕಾಗಿದ್ದರೆ? ಆಗ ಮೊದಲ ಸೆಪ್ಟೆಂಬರ್‌ನಲ್ಲೇ ನಿಮ್ಮ ಮುಂದೆ ನಲವತ್ತು ಫೈಲ್ ಬಂದು ಬೀಳುತ್ತವೆ, ಒಂದನ್ನೂ ನೀವು ಬಿಚ್ಚಿ ನೋಡಿರುವುದಿಲ್ಲ. ಕೈ ಇನ್ನೂ ಕುದುರದ ವರ್ಷದಲ್ಲಿ ಅದು ಸರಿಯಲ್ಲ. ಹಾಗಾಗಿ ಒಂದೇ ಪ್ರಶ್ನೆ ಕೇಳಿ: "ಸರ್, ಮೊದಲ ವರ್ಷ ನಾನು ಎಷ್ಟಕ್ಕೆ ಸಹಿ ಹಾಕಬೇಕಾಗುತ್ತದೆ?" ಉತ್ತರ ಕೊಡುವ ಮುಂಚೆ ಅವರು ಎಷ್ಟು ಹೊತ್ತು ಯೋಚಿಸುತ್ತಾರೆ ನೋಡಿ.

ಫರ್ಮಿನ ಬೆಲೆ ತಿಳಿಯಲು ಕ್ಲೈಂಟ್ ಪಟ್ಟಿ ಕೇಳಬೇಡಿ, ಅದು ಎಲ್ಲರದ್ದೂ ಉದ್ದವಾಗಿಯೇ ಇರುತ್ತದೆ. ಫೀಸು ಬಾಕಿ ಪಟ್ಟಿ ಕೇಳಿ, ವರ್ಷವಾರು. ಎರಡು ವರ್ಷ ಫೀಸು ಕೊಡದವರು ಕ್ಲೈಂಟ್ ಅಲ್ಲ, ಪರಿಚಯಸ್ಥರು. ಮೇಲಿನ ಐದು ಕ್ಲೈಂಟುಗಳಿಂದ ಒಟ್ಟು ಫೀಸಿನ ಎಷ್ಟು ಭಾಗ ಬರುತ್ತದೆ ಅಂತ ನೋಡಿ. ಅರ್ಧಕ್ಕಿಂತ ಜಾಸ್ತಿ ಬರುತ್ತಿದ್ದರೆ, ಆ ಐದು ಜನ ಸರ್ ಮುಖ ನೋಡಿ ಬರುವವರಾ ಫರ್ಮ್ ನೋಡಿ ಬರುವವರಾ ಅಂತ ಯೋಚಿಸಿ. ಇನ್ನೊಬ್ಬ ಸಿಎ ಫರ್ಮಿನ ಕೆಲಸ ಪರಿಶೀಲಿಸಿದ ಮೇಲೆ ಸಿಗುವ ಪೀರ್ ರಿವ್ಯೂ ಸರ್ಟಿಫಿಕೇಟ್ ಇದೆಯಾ ಕೇಳಿ. ಪಾಲುದಾರಿಕೆ ಪತ್ರದಲ್ಲಿ ಒಬ್ಬರು ಹೊರಗೆ ಹೋದರೆ ಬಂಡವಾಳ ಎಷ್ಟು ದಿನದಲ್ಲಿ ವಾಪಸ್, ನೀವು ತಂದ ಕ್ಲೈಂಟು ಯಾರ ಜೊತೆ ಹೋಗುತ್ತಾರೆ, ಎರಡೂ ಬರೆದಿರಬೇಕು. ಗುರುಗಳ ಹತ್ತಿರ ಇದನ್ನೆಲ್ಲ ಕೇಳುವುದು ಮುಜುಗರ, ನನಗೆ ಗೊತ್ತು. ಗುರುಗಳಿಗೆ ಏನಾದರೂ ಆದ ಮೇಲೆ ಅವರ ಅಳಿಯನ ಹತ್ತಿರ ಕೇಳುವುದು ಇನ್ನೂ ಮುಜುಗರ.

ನನ್ನ ಅಭಿಪ್ರಾಯ ಕೇಳಿದರೆ, ಈ ಸೀಸನ್ ಪೇಯ್ಡ್ ಸಿಎ ಆಗಿಯೇ ಹೋಗಿ. ತಿಂಗಳಿಗೆ 15,000 ಕಮ್ಮಿ ಬರುತ್ತದೆ. ಎಂಟು ತಿಂಗಳಿಗೆ 1,20,000. ಅದನ್ನು ಫೀಸು ಕಟ್ಟಿ ಕಲಿತೆ ಅಂದುಕೊಳ್ಳಿ, 8 ಲಕ್ಷ ಸಿಕ್ಕಿಹಾಕಿಕೊಳ್ಳುವುದಕ್ಕಿಂತ ಅಗ್ಗ. ಹೋಗುವಾಗಲೇ ಒಂದು ಮಾತು ಮಾಡಿಕೊಳ್ಳಿ. ಹದಿನೈದು ಫೈಲು ನಿಮಗೆ ಬೇಕು, ವೋಚರಿನಿಂದ ಹಿಡಿದು ಕೊನೆಯ ವರದಿಯವರೆಗೆ ನೀವೇ ಮಾಡಬೇಕು, ಸಹಿ ಸರ್ ಹಾಕಲಿ. ಪ್ರತಿ ಫೈಲಿನ ಕೊನೆಗೆ ಒಂದು ಚೀಟಿಯಲ್ಲಿ ಬರೆದಿಡಿ: ನಾನೇ ಸಹಿ ಹಾಕಬೇಕಿದ್ದರೆ ಹಾಕುತ್ತಿದ್ದೆನಾ, ಇಲ್ಲವಾದರೆ ಯಾವ ಕಾಗದ ಬೇಕಿತ್ತು? ನಾನು ಹೀಗೆ ಮಾಡಿಯೇ ಕೈ ಕುದುರಿಸಿಕೊಂಡೆ. ಶುರುವಿನಲ್ಲಿ ಬರೀ "ಇಲ್ಲ" ಅಂತಲೇ ಬರೆಯುತ್ತಿದ್ದೆ. ನವೆಂಬರ್ ಹೊತ್ತಿಗೆ ಯಾವುದಕ್ಕೆ ಹಟ ಹಿಡಿಯಬೇಕು, ಯಾವುದನ್ನು ಬಿಡಬಹುದು ಅಂತ ತಿಳಿಯಿತು. ಡಿಸೆಂಬರ್‌ನಲ್ಲಿ ಫೀಸು ಬಾಕಿ ಪಟ್ಟಿಯೂ ನಿಮಗೆ ಬಾಯಿಪಾಠ ಆಗಿರುತ್ತದೆ, ಯಾರೂ ತೋರಿಸಬೇಕಿಲ್ಲ. ಪಾರ್ಟ್ನರ್ ಆಗುವುದೋ ಸ್ವಂತ ಬೋರ್ಡ್ ಹಾಕುವುದೋ ಆಗ ತೀರ್ಮಾನಿಸಿ.

ಸ್ವಂತ ಆಫೀಸ್ ಆದರೆ ಮೊದಲ ವರ್ಷ ಮನೆಯ ಮುಂದಿನ ಕೋಣೆಯೇ ಸಾಕು. ರಾಜಾಜಿನಗರದಲ್ಲಿ ಬಾಡಿಗೆ ಕೊಟ್ಟು ಗಾಜಿನ ಬಾಗಿಲು ಹಾಕಿಸುವ ದುಡ್ಡಿನಲ್ಲಿ ಒಬ್ಬ ಒಳ್ಳೆ ಅಕೌಂಟೆಂಟ್ ಇಟ್ಟುಕೊಳ್ಳಬಹುದು. ಜಯನಗರದ ಹಳೆಯ ಕ್ಲೈಂಟುಗಳು ಈಗ ಬೇರೆಯವರ ಹತ್ತಿರ ಇರುತ್ತಾರೆ. ಅವರಾಗಿ ವಾಪಸ್ ಬಂದರೆ ಹಿಂದಿನ ಆಡಿಟರಿಗೆ ಬರೆದು ಕೇಳದೆ ಆಡಿಟ್ ಒಪ್ಪಬೇಡಿ. ಮೊದಲ ವರ್ಷ ಬ್ಯಾಂಕ್ ಬ್ರಾಂಚ್ ಆಡಿಟ್ ಆಸೆ ಇಟ್ಟುಕೊಳ್ಳಬೇಡಿ. ಫೀಸು ಹೇಳುವಾಗ ನಾಚಿಕೆ ಬೇಡ. ಆರು ವರ್ಷ ಬೇರೆಯವರ ಬಿಲ್ಲು ಪಾಸು ಮಾಡಿದವರಿಗೆ ತಮ್ಮ ಬಿಲ್ಲು ಬರೆಯಲು ಕೈ ನಡುಗುತ್ತದೆ, ವಿಚಿತ್ರ ಆದರೂ ನಿಜ. ಕಂಟ್ರಾಕ್ಟರುಗಳ ಹತ್ತಿರ ತಿಂಗಳ ಫೀಸು ಮಾತಾಡಿಕೊಳ್ಳಿ. ಬಿಲ್ಲಾದಾಗ ಕೊಡುತ್ತೇನೆ ಅಂದರೆ ಎಷ್ಟು ಕಾಯಬೇಕು ಅಂತ ನಿಮಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?

ಮಗಳ ವಿಷಯ ನೀವು ಬರೆದಿದ್ದು ಹಳೆಯ ಕಾರಣವಾಗಿ. ಸೆಪ್ಟೆಂಬರ್ ಈಗಲೂ ಸೆಪ್ಟೆಂಬರೇ. ಮನೆಯಲ್ಲಿ ಮೊದಲೇ ಹೇಳಿಡಿ.

ನಗರಸಭೆ ಬಿಡುವಾಗ ಅನುಭವ ಪತ್ರದಲ್ಲಿ ಸೇರಿದ ದಿನ, ಬಿಟ್ಟ ದಿನ, ಯಾವ ಹುದ್ದೆ, ಸಂಬಳವೋ ಶುಲ್ಕವೋ ನಾಲ್ಕೂ ಸ್ಪಷ್ಟ ಇರಲಿ. ನಿಮ್ಮ ಹತ್ತಿರ ಇರುವ ಕಡತಗಳ ಪಟ್ಟಿ ಮಾಡಿ ಚಾರ್ಜ್ ಒಪ್ಪಿಸಿ, ಪಡೆದವರ ಸಹಿ ತೆಗೆದುಕೊಳ್ಳಿ. ಡಿಜಿಟಲ್ ಸಹಿಯ ಟೋಕನ್ ಯಾರ ಡ್ರಾಯರಿನಲ್ಲೂ ಬಿಟ್ಟು ಬರಬೇಡಿ. ರಾಜೀನಾಮೆ ಪತ್ರದ ನಕಲಿನ ಮೇಲೆ ಟಪಾಲು ಶಾಖೆಯ ಸ್ವೀಕೃತಿ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಸೀಲಿಲ್ಲದ ಕಾಗದ ಆ ಕಟ್ಟಡಕ್ಕೆ ಬಂದೇ ಇಲ್ಲ ಅಂತ ನಿಮಗೆ ನಾನು ಹೇಳಬೇಕಾ?